ಹಂಡೆಯಿಂದ ತಾರಸಿಗೆ

(ಬಾನುಲಿ ಭಾಷಣ)

ನಮ್ಮ ಚರಿತ್ರೆಯ ಗ್ರಂಥಗಳಲ್ಲಿ ಯುದ್ಧಗಳಿವೆ, ಪಟ್ಟಾಭಿಷೇಕಗಳಿವೆ, ದಾನಶಾಸನಗಳಿವೆ. ಮನೆಯ ಹಿಂಬದಿಯ ಬಚ್ಚಲಿಗೆ ಅವುಗಳಲ್ಲಿ ಸ್ಥಳವಿಲ್ಲ. ಆದರೆ ಒಂದು ಊರು ತನ್ನ ಬೆಳಗಿನ ಸ್ನಾನದ ನೀರನ್ನು ಹೇಗೆ ಕಾಯಿಸಿಕೊಂಡಿತು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ, ಆ ಊರಿನ ಸುತ್ತಣ ಕಾಡು, ದೂರದ ನದಿ, ಹೆಂಗಸರ ದುಡಿಮೆ, ಸರ್ಕಾರದ ಲೆಕ್ಕಪತ್ರ ಎಲ್ಲವೂ ಒಂದೊಂದಾಗಿ ಎದುರಿಗೆ ಬಂದು ನಿಲ್ಲುತ್ತವೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಎಂದು ಹೆಸರಾದ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಈ ಕಥೆ ಒಂದು ತಲೆಮಾರಿನ ಕಣ್ಣೆದುರಿಗೇ ಮೂರು ಬಾರಿ ತಿರುವು ಕಂಡಿದೆ. ಮೊದಲು ಸೌದೆ, ಅನಂತರ ವಿದ್ಯುತ್ತು, ಅದರ ಅನಂತರ ಬಿಸಿಲು. ಈ ಮೂರು ತಿರುವುಗಳನ್ನು ಕ್ರಮವಾಗಿ ನೋಡುವುದು ಇಂದಿನ ಮಾತಿನ ಉದ್ದೇಶ.

ಬಿಸಿನೀರಿನ ಸ್ನಾನ ನಮ್ಮಲ್ಲಿ ಬಹು ಹಳೆಯದು; ಆದರೆ ಅದು ದಿನನಿತ್ಯದ್ದಾದುದು ಈಚೆಗೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅರಸನಿಗೆ ಸಲ್ಲುವ ಭೋಗಗಳನ್ನು ಎಣಿಸುವಾಗ ಸ್ನಾನಭೋಗಕ್ಕೆ ಬೇರೆಯದೇ ಒಂದು ಸ್ಥಾನವನ್ನು ಕೊಡುತ್ತದೆ. ಅರಮನೆಯಲ್ಲಿ ಅದು ಭೋಗ. ಸಾಮಾನ್ಯರ ಮನೆಯಲ್ಲಿ ಅದು ವಾರಕ್ಕೊಮ್ಮೆ ಬರುವ ಎಣ್ಣೆನೀರು, ಹಬ್ಬದ ಅಭ್ಯಂಜನ, ಬಾಣಂತಿಯ ಮತ್ತು ಕೂಸಿನ ಎರೆತ. ಉಳಿದ ದಿನಗಳಲ್ಲಿ ಗಂಡಸರು ಬಾವಿಕಟ್ಟೆಯ ಮೇಲೆ ನಾಲ್ಕು ಕೊಡ ಸುರಿದುಕೊಳ್ಳುತ್ತಿದ್ದರು. ಮುಂಜಾನೆ ಸೇದಿದ ಬಾವಿಯ ನೀರು ತಾನೇ ತುಸು ಬೆಚ್ಚಗಿರುತ್ತಿತ್ತು. ದಿನವೂ ಎಲ್ಲರಿಗೂ ಬಿಸಿನೀರು ಎಂಬುದು ನಗರ ಜೀವನದ ಜೊತೆಗೆ, ಗಡಿಯಾರ ನೋಡಿ ಮನೆ ಬಿಡುವ ಉದ್ಯೋಗದ ಜೊತೆಗೆ ಬೆಳೆದ ಅಭ್ಯಾಸ.

ಹಳೆಯ ಮೈಸೂರಿನ ಬಚ್ಚಲುಮನೆಯ ಕೇಂದ್ರ ಹಂಡೆ. ಅನುಕೂಲವಿದ್ದವರಲ್ಲಿ ತಾಮ್ರದ್ದು, ಇಲ್ಲದವರಲ್ಲಿ ಮಣ್ಣಿನ ಗುಡಾಣ. ಒಲೆಯ ಮೇಲೆ ಅದನ್ನು ಶಾಶ್ವತವಾಗಿ ಕೂರಿಸಿ ಸುತ್ತಲೂ ಮಣ್ಣು ಮೆತ್ತಿರುತ್ತಿದ್ದರು. ದೀಪಾವಳಿಯ ಮೊದಲ ದಿನವನ್ನು ನೀರು ತುಂಬುವ ಹಬ್ಬ ಎಂದೇ ಕರೆದು, ಹಂಡೆಯನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಬಳ್ಳಿ ಸುತ್ತಿ, ಪೂಜೆ ಮಾಡಿ ನೀರು ತುಂಬುತ್ತಿದ್ದರು. ಮರುದಿನ ನರಕ ಚತುರ್ದಶಿಯ ನಸುಕಿನಲ್ಲಿ ಆ ನೀರೇ ಮನೆಮಂದಿಗೆಲ್ಲ. ಪೂಜೆಗೆ ಯೋಗ್ಯವೆನಿಸಿದ ಪಾತ್ರೆಯ ಬಗ್ಗೆ ನಮಗೆ ಮಮತೆಯಿರುವುದು ಸಹಜ. ಆದರೆ ಆ ಒಲೆಯ ಇನ್ನೊಂದು ಮುಖವನ್ನು ಮರೆಯಬಾರದು. ಎಲ್ಲರಿಗಿಂತ ಮೊದಲೆದ್ದು ಅದರ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಊದುಕೊಳವೆ ಹಿಡಿದು, ಹೊಗೆಗೆ ಕಣ್ಣೊಡ್ಡಿದವಳು ಮನೆಯ ಹೆಂಗಸು. ಎಲ್ಲರ ಸ್ನಾನವಾದ ಮೇಲೆ ಅವಳ ಪಾಲಿಗೆ ಉಳಿಯುತ್ತಿದ್ದುದು ಹಂಡೆಯ ತಳದ ಉಗುರುಬೆಚ್ಚಗಿನ ನೀರು.

ಆ ಒಲೆ ಎಷ್ಟು ತಿನ್ನುತ್ತಿತ್ತು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. 100 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 2000 ಕಿಲೋಕ್ಯಾಲೊರಿ ಶಾಖ ಬೇಕು. ಒಂದು ಕಿಲೋ ಒಣಸೌದೆಯಲ್ಲಿ ಸುಮಾರು 3500 ಕಿಲೋಕ್ಯಾಲೊರಿ ಅಡಗಿದೆ. ಆದರೆ ತೆರೆದ ಒಲೆಯಲ್ಲಿ ಅದರ ಏಳರಲ್ಲೊಂದು ಪಾಲು ನೀರಿಗೆ ಮುಟ್ಟಿದರೆ ಹೆಚ್ಚು. ಹೀಗೆ ನಾಲ್ಕೈದು ಜನರ ಸ್ನಾನಕ್ಕೆ ದಿನಕ್ಕೆ ನಾಲ್ಕು ಕಿಲೋ, ವರ್ಷಕ್ಕೆ ಸುಮಾರು ಒಂದೂವರೆ ಟನ್ ಸೌದೆ. ಹಳ್ಳಿಯ ಮನೆ ಇದನ್ನು ತೆಂಗಿನ ಮಟ್ಟೆ, ಕರಟ, ತೋಟದ ಪುಳ್ಳೆಗಳಿಂದ ತೂಗಿಸಿಕೊಳ್ಳುತ್ತಿತ್ತು. ಕಸವೆನ್ನುವುದೇ ಅಲ್ಲಿ ಇಂಧನ. ನಗರದ ಬಡಾವಣೆಗೆ ಆ ಹಿತ್ತಿಲೂ ಇಲ್ಲ, ಆ ತೋಟವೂ ಇಲ್ಲ.

1945ರಲ್ಲಿ ಬೆಂಗಳೂರು ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ಆ ದಶಕದ ಕೊನೆಯ ಭಾಗದಲ್ಲಿ ಕೈಗಾರಿಕಾ ಉಪನಗರವಾಗಿ ರಾಜಾಜಿನಗರ ರೂಪುಗೊಂಡಿತು. ಮುಂದಿನ ದಶಕಗಳಲ್ಲಿ ಹೊಸಹಳ್ಳಿ, ಅತ್ತಿಗುಪ್ಪೆ, ಮಾರೇನಹಳ್ಳಿಗಳ ಹೊಲಗಳ ಮೇಲೆ ವಿಜಯನಗರ ಎದ್ದಿತು. ಕುರುಬರಹಳ್ಳಿ, ಕಾಮಾಕ್ಷಿಪಾಳ್ಯಗಳ ನೆರೆಯಲ್ಲಿ ಬಸವೇಶ್ವರನಗರ ಬೆಳೆಯಿತು. ಮೈಸೂರು ರಸ್ತೆಯ ಹಳೆಯ ಊರಾದ ಕೆಂಗೇರಿಗೆ ಉಪನಗರವೊಂದು ಸೇರಿಕೊಂಡಿತು. ಇಲ್ಲಿ ಮನೆ ಕಟ್ಟಿದವರು ಬಹುಮಟ್ಟಿಗೆ ಕಾರ್ಖಾನೆಯ ಕೆಲಸಗಾರರು, ಗುಮಾಸ್ತರು, ಮೇಷ್ಟರು. ಹಾಸನ, ತುಮಕೂರು, ಮಂಡ್ಯಗಳಿಂದ ಬಂದ ಇವರು ಹಂಡೆಯನ್ನೂ ಜೊತೆಗೆ ತಂದರು. ಒಲೆಗೆ ಬೇಕಾದುದು ಬಡಾವಣೆಯ ಮೂಲೆಯ ಸೌದೆ ಡಿಪೋದಲ್ಲಿ ದೊರೆಯುತ್ತಿತ್ತು. ತಕ್ಕಡಿಯಲ್ಲಿ ತೂಗಿದ ಹಸಿಸೌದೆ ಒಣಗಿದ ಮೇಲೆ ಎಷ್ಟು ಉಳಿಯುತ್ತದೆ ಎಂಬುದು ಗೃಹಿಣಿಯರ ನಿತ್ಯದ ಚರ್ಚೆ. ಸಾಮಿಲ್ಲಿನ ಹೊಟ್ಟನ್ನು ತಗಡಿನ ಡಬ್ಬದಲ್ಲಿ ಗಿಡಿದು ಉರಿಸುವ ಹೊಟ್ಟಿನ ಒಲೆ ಕೆಲವರಿಗೆ ಅಗ್ಗದ ದಾರಿಯಾಯಿತು. ಇನ್ನು ಕೆಲವರು ತಾಮ್ರದ ಬಾಯ್ಲರ್ ಕೊಂಡರು: ಉದ್ದನೆಯ ಪಾತ್ರೆ, ನಡುವೆ ಕೆಂಡಕ್ಕೆ ಒಂದು ಕೊಳವೆ, ಮೇಲಿಂದ ತಣ್ಣೀರು ಸುರಿದರೆ ನಲ್ಲಿಯಲ್ಲಿ ಬಿಸಿನೀರು. ಬೆಂಕಿಯನ್ನು ನೀರಿನ ನಡುವೆಯೇ ಇಟ್ಟುದರಿಂದ ಹಂಡೆಗಿಂತ ಕಡಮೆ ಸೌದೆ ಸಾಕಾಗುತ್ತಿತ್ತು. ಹೆಚ್ಚು ಕೆಲಸವನ್ನು ಕಡಮೆ ಇಂಧನದಲ್ಲಿ ಮಾಡುವ ವಿವೇಕ ನಮಗೆ ಹೊರಗಿನಿಂದ ಬರಬೇಕಾದುದೇನೂ ಆಗಿರಲಿಲ್ಲ.

ಆದರೂ ಲಕ್ಷಾಂತರ ಒಲೆಗಳ ಮೊತ್ತ ಸಣ್ಣದಲ್ಲ. ಭಾರತೀಯ ವಿಜ್ಞಾನ ಮಂದಿರದ ಅಮೂಲ್ಯ ರೆಡ್ಡಿ ಮತ್ತು ಸುಧಾಕರ ರೆಡ್ಡಿ 1983ರಲ್ಲಿ ಬೆಂಗಳೂರಿನ ಸೌದೆಯನ್ನೇ ವಸ್ತುವಾಗಿಟ್ಟುಕೊಂಡು ಒಂದು ಅಧ್ಯಯನವನ್ನು ಪ್ರಕಟಿಸಿದರು. ವರ್ಗವರ್ಗಗಳಾಗಿ ಒಡೆದ ಸಮಾಜದಲ್ಲಿ ಇಂಧನವೂ ವರ್ಗಕ್ಕೆ ತಕ್ಕಂತೆ ಹಂಚಿಹೋಗುತ್ತದೆ ಎಂಬುದು ಅದರ ನೋಟ. ನಗರದ ಬಚ್ಚಲಿಗೂ ದೂರದ ತೋಪಿನ ಮರಕ್ಕೂ ಇರುವ ಸಂಬಂಧವನ್ನು ಲೆಕ್ಕದ ಭಾಷೆಯಲ್ಲಿ ತೋರಿಸಿದ ಕೆಲಸವದು.

ಇನ್ನು ಎರಡನೆಯ ತಿರುವು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಕೊಟ್ಟ ಶಿವನಸಮುದ್ರದ ವಿದ್ಯುತ್ತು 1905ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಬಹಳ ಕಾಲ ಮನೆಗಳಲ್ಲಿ ಅದರ ಕೆಲಸ ದೀಪ ಹೊತ್ತಿಸುವುದಷ್ಟೇ. 1948ರಲ್ಲಿ ಜೋಗದ ವಿದ್ಯುದಾಗಾರ, 1960ರ ದಶಕದಲ್ಲಿ ಶರಾವತಿ ಯೋಜನೆ ಬಂದ ಮೇಲೆ ವಿದ್ಯುತ್ತು ಯಥೇಚ್ಛವಾಗಿದೆ ಎಂಬ ಭಾವನೆ ಹುಟ್ಟಿತು. ಆಗ ಪ್ರಚಾರಕ್ಕೆ ಬಂದುದು ಎ.ಇ.ಎಚ್. ಎಂಬ ಮೂರಕ್ಷರ. ದೀಪಕ್ಕೆ ಮಾತ್ರ ವಿದ್ಯುತ್ತು ಪಡೆಯುವ ಮನೆ ಒಂದು ವರ್ಗ. ಅಡುಗೆಗೂ ಬಿಸಿನೀರಿಗೂ ಅದನ್ನೇ ಬಳಸುವ ‘ಆಲ್ ಎಲೆಕ್ಟ್ರಿಕ್ ಹೋಂ’ ಇನ್ನೊಂದು ವರ್ಗ. ಮನೆ ಬಾಡಿಗೆಗಿದೆ ಎಂಬ ಬೋರ್ಡಿನಲ್ಲಿ ಎ.ಇ.ಎಚ್. ಎಂದು ಬರೆದರೆ ಅದು ಘನತೆಯ ಮಾತು. ಗೀಸರು ಎಂಬ ಹೆಸರೇ ವಿಚಿತ್ರವಾದದ್ದು. ಐಸ್‌ಲೆಂಡಿನ ಬಿಸಿನೀರಿನ ಚಿಲುಮೆಯೊಂದರ ಹೆಸರನ್ನು, 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ತಾನು ಮಾಡಿದ ಅನಿಲದ ಜಲತಾಪಕಕ್ಕೆ ಇಟ್ಟ. ಅದು ಸಾಗರ ದಾಟಿ ರಾಜಾಜಿನಗರದ ಬಚ್ಚಲಿನ ಗೋಡೆಯ ಮೇಲೆ ವಿದ್ಯುತ್ತಿನ ಪೆಟ್ಟಿಗೆಯಾಗಿ ಕುಳಿತಿತು. ಅದಕ್ಕೆ ಹಣವಿಲ್ಲದವರು ಬಕೆಟ್ಟಿನಲ್ಲಿ ಮುಳುಗಿಸುವ ರಾಡ್ ಕೊಂಡರು. ಬಕೆಟ್ಟು ಕರಗಿದ ಪ್ರಸಂಗಗಳೂ, ಸ್ವಿಚ್ಚು ಆರಿಸದೆ ನೀರಿಗೆ ಕೈಯಿಟ್ಟು ಪ್ರಾಣಕ್ಕೆ ಎರವಾದ ದುರಂತಗಳೂ ಆ ರಾಡಿನ ಚರಿತ್ರೆಗೆ ಸೇರಿವೆ.

ಹೊಗೆ ಹೋಯಿತು, ಹೆಂಗಸರಿಗೆ ಒಂದು ಗಂಟೆಯ ನಿದ್ದೆ ದಕ್ಕಿತು. ಇದು ಸಾಮಾನ್ಯ ಲಾಭವಲ್ಲ. ಆದರೆ ಅದರ ಬೆಲೆ ಬೇರೊಂದು ಕಡೆ ಬಿತ್ತು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಗುವವರೆಗೆ ರಾಜ್ಯದ ವಿದ್ಯುತ್ತು ಹೆಚ್ಚುಕಡಮೆ ಪೂರ್ತಿಯಾಗಿ ಮಳೆಯನ್ನೇ ನಂಬಿತ್ತು. ಮಳೆ ಕೈಕೊಟ್ಟ ವರ್ಷ ಲಿಂಗನಮಕ್ಕಿಯ ನೀರು ತಗ್ಗಿದರೆ, ಬೆಂಗಳೂರಿನ ಕಾರ್ಖಾನೆಗಳಿಗೆ ವಿದ್ಯುತ್ ಕಡಿತ. ಅದೇ ಹೊತ್ತಿನಲ್ಲಿ ಬೆಳಗಿನ ಆರರಿಂದ ಒಂಬತ್ತರವರೆಗೆ ಸಾಲು ಸಾಲು ಮನೆಗಳಲ್ಲಿ ಗೀಸರುಗಳು. ಒಂದು ಗೀಸರು 2 ಕಿಲೋವಾಟ್ ಎಂದರೆ, ಸಾವಿರ ಮನೆಗಳು ಒಟ್ಟಿಗೆ ಸ್ವಿಚ್ಚು ಒತ್ತಿದಾಗ 2 ಮೆಗಾವಾಟ್. ಆ ಎರಡು ಮೂರು ಗಂಟೆಗಳ ಸಲುವಾಗಿಯೇ ವಿದ್ಯುದಾಗಾರಗಳನ್ನೂ ತಂತಿಗಳನ್ನೂ ಹೆಚ್ಚಿಸುತ್ತ ಹೋಗಬೇಕು.

ಕಲ್ಲಿದ್ದಲಿನ ವಿದ್ಯುತ್ತು ಬಂದ ಮೇಲೆ ಇನ್ನೊಂದು ವೈಪರೀತ್ಯ ಸೇರಿಕೊಂಡಿತು. ರಾಯಚೂರಿನಲ್ಲಿ ಕಲ್ಲಿದ್ದಲನ್ನು ಉರಿಸಿ ನೀರನ್ನು ಕಾಯಿಸುತ್ತಾರೆ. ಆ ಉಗಿಯಿಂದ ಚಕ್ರ ತಿರುಗಿಸುತ್ತಾರೆ. ಅಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಶಾಖ ವ್ಯರ್ಥ. ಉಳಿದ ಒಂದು ಪಾಲು ವಿದ್ಯುತ್ತಾಗಿ ನೂರಾರು ಮೈಲಿ ಪ್ರಯಾಣ ಮಾಡಿ, ದಾರಿಯಲ್ಲಿ ಇನ್ನಷ್ಟು ಸೋರಿ, ವಿಜಯನಗರದ ಬಚ್ಚಲಿಗೆ ಬಂದು ಮತ್ತೆ ನೀರನ್ನೇ ಕಾಯಿಸುತ್ತದೆ. 800 ಡಿಗ್ರಿಗೂ ಮೀರಿದ ಬೆಂಕಿಯಿಂದ ಹೊರಟು 45 ಡಿಗ್ರಿಯ ಸ್ನಾನದಲ್ಲಿ ಮುಗಿಯುವ ಈ ಯಾತ್ರೆಯಲ್ಲಿ ಎಲ್ಲಿಯೋ ಒಂದು ಅವಿವೇಕವಿದೆ ಎಂದು ಎತ್ತಿ ಆಡಿದವರಲ್ಲಿ ಅಮೂಲ್ಯ ರೆಡ್ಡಿಯವರು ಮುಖ್ಯರು. 1991ರಲ್ಲಿ ಅವರು ತಮ್ಮ ಸಹೋದ್ಯೋಗಿಗಳೊಡನೆ ಕರ್ನಾಟಕಕ್ಕಾಗಿ ಒಂದು ಪರ್ಯಾಯ ವಿದ್ಯುತ್ ಯೋಜನೆಯನ್ನು ಮುಂದಿಟ್ಟರು. ಎಷ್ಟು ವಿದ್ಯುತ್ತು ಬೇಕು ಎಂದು ಕೇಳುವ ಮೊದಲು, ಯಾವ ಕೆಲಸಕ್ಕೆ ಬೇಕು, ಆ ಕೆಲಸಕ್ಕೆ ವಿದ್ಯುತ್ತೇ ಬೇಕೇ ಎಂದು ಕೇಳಬೇಕು ಎಂಬುದು ಅದರ ತಿರುಳು. ಗೀಸರಿನ ಬದಲು ಬಿಸಿಲು ಎಂಬ ಸಲಹೆ ಆ ಪಟ್ಟಿಯಲ್ಲಿತ್ತು.

ಬಿಸಿಲಿನಿಂದ ನೀರು ಕಾಯಿಸುವ ವಿದ್ಯೆ ಆಗ ಹೊಸದೇನಲ್ಲ. 1767ರಲ್ಲಿಯೇ ಜಿನೀವಾದ ಸೊಸ್ಯೂರ್ ಎಂಬ ವಿಜ್ಞಾನಿ ಗಾಜಿನ ಮುಚ್ಚಳಗಳ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು, ನೀರು ಕುದಿಯುವ ಮಟ್ಟವನ್ನೂ ಮೀರಿದ ತಾಪವನ್ನು ಪಡೆದಿದ್ದ. 1891ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಸೌರ ಜಲತಾಪಕಕ್ಕೆ ಪೇಟೆಂಟ್ ಪಡೆದ. ಅದರಲ್ಲಿ ನೀರು ಹಗಲು ಕಾಯುತ್ತಿತ್ತು, ರಾತ್ರಿ ಆರುತ್ತಿತ್ತು. 1909ರ ಸುಮಾರಿಗೆ ಕ್ಯಾಲಿಫೋರ್ನಿಯದ ವಿಲಿಯಂ ಬೈಲಿ ಆ ಕೊರತೆಯನ್ನು ತುಂಬಿದ. ಕಾಯುವ ಫಲಕ ಬೇರೆ, ಕಂಬಳಿ ಹೊದೆಸಿದಂತೆ ಶಾಖ ಸೋರದ ತೊಟ್ಟಿ ಬೇರೆ. ಕಾದ ನೀರು ಹಗುರವಾಗಿ ತಾನೇ ಮೇಲಿನ ತೊಟ್ಟಿಗೆ ಏರುತ್ತದೆ. ತೊಟ್ಟಿಯ ತಳದ ತಣ್ಣೀರು ಭಾರವಾಗಿ ಫಲಕಕ್ಕೆ ಇಳಿಯುತ್ತದೆ. ಪಂಪು ಬೇಡ, ತಂತಿ ಬೇಡ. ಸಂಜೆ ಕಾದ ನೀರು ಬೆಳಗಿಗೂ ಬಿಸಿ. ನಮ್ಮ ಮಾಳಿಗೆಗಳ ಮೇಲಿರುವುದೂ ಮೂಲತಃ ಇದೇ ವಿದ್ಯೆ. ಕ್ಯಾಲಿಫೋರ್ನಿಯದಲ್ಲಿ ಅಗ್ಗದ ನೈಸರ್ಗಿಕ ಅನಿಲ ಸಿಕ್ಕಿದ್ದೇ ತಡ, ಜನ ಬೈಲಿಯ ಯಂತ್ರವನ್ನು ಮರೆತರು. ಇಂಧನದ ಕೊರತೆಯಿದ್ದ ಇಸ್ರೇಲ್ ಅದನ್ನು ಉಳಿಸಿಕೊಂಡು, 1980ರಲ್ಲಿ ಹೊಸ ಮನೆಗಳಿಗೆಲ್ಲ ಕಡ್ಡಾಯ ಮಾಡಿತು. ಅಗ್ಗದ ಇಂಧನ ಎದುರಿಗಿದ್ದಾಗ ಒಳ್ಳೆಯ ವಿದ್ಯೆಯೂ ಮೂಲೆಗುಂಪಾಗುತ್ತದೆ ಎಂಬ ಈ ಪಾಠ ಮುಂದೆ ನಮಗೂ ಬೇಕಾಗುತ್ತದೆ.

1973ರ ತೈಲ ಬಿಕ್ಕಟ್ಟು ಲೋಕಕ್ಕೆಲ್ಲ ಎಚ್ಚರಿಕೆ ಕೊಟ್ಟಿತು. 1982ರಲ್ಲಿ ಭಾರತ ಸರ್ಕಾರ ಅಸಾಂಪ್ರದಾಯಿಕ ಶಕ್ತಿಮೂಲಗಳಿಗೆ ಒಂದು ಇಲಾಖೆಯನ್ನೇ ತೆರೆಯಿತು. ಮೊದಲು ಹಾಸ್ಟೆಲು, ಆಸ್ಪತ್ರೆ, ಹೋಟೆಲುಗಳ ಮೇಲೆ ಕಾಣಿಸಿಕೊಂಡ ಫಲಕಗಳು 1990ರ ದಶಕದಲ್ಲಿ ಮನೆಗಳ ತಾರಸಿಗೆ ಬಂದವು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಖಾನೆಗಳು ಅವನ್ನು ತಯಾರಿಸಿದವು. ಸೌರ ಜಲತಾಪಕದ ಬಳಕೆಯಲ್ಲಿ ಕರ್ನಾಟಕ ದೇಶಕ್ಕೇ ಮೊದಲಿನದಾಗಿ ಬೆಳೆಯಿತು. ಆ ಬೆಳವಣಿಗೆಯ ಬಹುಭಾಗ ಬೆಂಗಳೂರಿನದು. ಇದು ಇಲ್ಲಿಯೇ ಬೇರೂರಿದುದಕ್ಕೆ ಕಾರಣಗಳು ಕುತೂಹಲಕರವಾಗಿವೆ.

ಮೊದಲನೆಯದು ಹವೆ. ಬೆಂಗಳೂರಿಗೆ ಬಿಸಿನೀರು ಹೆಚ್ಚಾಗಿ ಬೇಕಾಗುವುದು ದೀಪಾವಳಿಯಿಂದ ಶಿವರಾತ್ರಿಯವರೆಗೆ. ಬೆಳಗು ಕೊರೆಯುವ ಆ ತಿಂಗಳುಗಳಲ್ಲಿ ಹಗಲಿನ ಆಕಾಶ ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಮೋಡ ಮುಚ್ಚುವ ಮಳೆಗಾಲದಲ್ಲಿ ಚಳಿ ಅಷ್ಟಿರುವುದಿಲ್ಲ. ಎರಡನೆಯದು ನೀರಿನ ಕಷ್ಟ. ವಿಚಿತ್ರವೆನಿಸಿದರೂ ಇದು ನಿಜ. ನಗರಕ್ಕೆ 1933ರಿಂದ ತಿಪ್ಪಗೊಂಡನಹಳ್ಳಿಯ ನೀರು, 1974ರಿಂದ ಕಾವೇರಿಯ ನೀರು ಬಂದರೂ ನಲ್ಲಿಯಲ್ಲಿ ಅದು ದಿನವಿಡೀ ಬರಲಿಲ್ಲ. ದಿನ ಬಿಟ್ಟು ದಿನ ಬರುವ ನೀರಿಗಾಗಿ ಪ್ರತಿಯೊಬ್ಬರೂ ಅಂಗಳದಲ್ಲಿ ಸಂಪು ತೋಡಿದರು, ತಾರಸಿಯ ಮೇಲೆ ಟ್ಯಾಂಕು ಕಟ್ಟಿದರು. ಬೈಲಿಯ ವಿದ್ಯೆಗೆ ಬೇಕಾದುದು ಅದೇ: ಬಿಸಿನೀರಿನ ತೊಟ್ಟಿಗಿಂತ ಎತ್ತರದಲ್ಲಿ ಒಂದು ತಣ್ಣೀರಿನ ಟ್ಯಾಂಕು. ಕೊರತೆಗಾಗಿ ಕಟ್ಟಿದ ಟ್ಯಾಂಕು ಅನುಕೂಲಕ್ಕೆ ಅಡಿಪಾಯವಾಯಿತು. ಮೂರನೆಯದು, ಮೂವತ್ತು ನಲವತ್ತರ ಸೈಟಿನಲ್ಲಿ ತನ್ನದೇ ಆದ ಮನೆ ಮತ್ತು ತನ್ನದೇ ಆದ ಚಪ್ಪಟೆ ತಾರಸಿ. ಹಪ್ಪಳ ಸಂಡಿಗೆ ಒಣಹಾಕುವ ಮನೆಮಂದಿಗೆ ಬಿಸಿಲಿನ ಉಪಯೋಗವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆದರೂ ಮೊದಲ ಖರ್ಚು ಭಾರವಾದದ್ದು. ಗೀಸರಿಗೆ ಕೊಡುವುದರ ಕೆಲವು ಪಟ್ಟು ಹಣವನ್ನು ಒಮ್ಮೆಗೇ ಸುರಿಯಬೇಕು. ಬ್ಯಾಂಕುಗಳ ಸಾಲ ಇಲ್ಲಿ ನೆರವಾಯಿತು. 2003ರ ಕಟ್ಟಡ ನಿಯಮಾವಳಿ ಬೆಂಗಳೂರಿನ ದೊಡ್ಡ ಕಟ್ಟಡಗಳಿಗೆ ಸೌರ ಜಲತಾಪಕವನ್ನು ವಿಧಿಸಿತು. 2007ರ ವೇಳೆಗೆ, ಒಂದು ಅಳತೆ ಮೀರಿದ ಹೊಸ ಮನೆಗಳಲ್ಲಿ ಸೋಲಾರ್ ಇದ್ದರೆ ಮಾತ್ರ ವಿದ್ಯುತ್ ಸಂಪರ್ಕ ಎಂಬ ಕಟ್ಟುನಿಟ್ಟು ಬಂತು. ಹಾಕಿಸಿಕೊಂಡವರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಡುವ ಪದ್ಧತಿಯೂ ಜಾರಿಗೆ ಬಂತು. 2010ರಲ್ಲಿ ಆರಂಭವಾದ ರಾಷ್ಟ್ರೀಯ ಸೌರ ಅಭಿಯಾನ ಕೆಲವು ವರ್ಷ ಸಹಾಯಧನ ನೀಡಿತು. ಥರ್ಮಾಸ್ ಫ್ಲಾಸ್ಕಿನಂಥ ಎರಡು ಪದರದ ಗಾಜಿನ ಕೊಳವೆಗಳು ಬಂದು ಬೆಲೆ ಇಳಿಯಿತು. ಇಂದು ಬಸವೇಶ್ವರನಗರದ ಯಾವ ಎತ್ತರದ ಮನೆಯಿಂದ ನೋಡಿದರೂ ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಂತ ಫಲಕಗಳ ಸಾಲು ಕಾಣುತ್ತದೆ.

ಲಾಭವೆಷ್ಟು? 100 ಲೀಟರ್ ನೀರು 25ರಿಂದ 60 ಡಿಗ್ರಿಗೆ ಕಾದರೆ ಸುಮಾರು 4 ಯೂನಿಟ್ ವಿದ್ಯುತ್ತಿಗೆ ಸಮ. ಅದಕ್ಕೆ 75 ಲೀಟರ್ ತಣ್ಣೀರು ಬೆರೆಸಿದರೆ 45 ಡಿಗ್ರಿಯ 175 ಲೀಟರ್, ನಾಲ್ಕೈದು ಜನರ ಸ್ನಾನಕ್ಕೆ ಧಾರಾಳ. ಎಲ್ಲ ದಿನವೂ ಬಿಸಿಲು ಕಾದರೆ ವರ್ಷಕ್ಕೆ ಸುಮಾರು 1500 ಯೂನಿಟ್. ಸರ್ಕಾರದ ಅಂದಾಜೂ ಇದೇ. ಮೋಡದ ದಿನಗಳನ್ನು ಕಳೆದು, ಚಳಿಗಾಲದ ಬಳಕೆಯನ್ನಷ್ಟೇ ಹಿಡಿದರೂ ಉಳಿಯುವುದು ಅಲ್ಪವಲ್ಲ.

ಆದರೆ ಈ ಕಥೆಯನ್ನು ಬರಿಯ ವಿಜಯಗಾಥೆಯಾಗಿ ಹೇಳುವುದು ಸರಿಯಲ್ಲ. ಪಶ್ಚಿಮ ಬೆಂಗಳೂರಿನ ಬಹುಪಾಲು ಕಟ್ಟಡಗಳಲ್ಲಿ ಒಡೆಯ ಒಂದು ಅಂತಸ್ತಿನಲ್ಲಿ, ಬಾಡಿಗೆಯವರು ಉಳಿದ ಅಂತಸ್ತುಗಳಲ್ಲಿ. ತಾರಸಿಯ ಕೊಳಾಯಿ ಒಡೆಯನ ಬಚ್ಚಲಿಗೆ ಇಳಿಯುತ್ತದೆ. ಬಾಡಿಗೆಯವನು ರಾಡಿನಿಂದಲೋ ಗ್ಯಾಸ್ ಗೀಸರಿನಿಂದಲೋ ದಿನ ನೂಕುತ್ತಾನೆ. ಹಾಕಿಸುವ ಖರ್ಚು ಒಡೆಯನದು, ಉಳಿತಾಯ ಬಾಡಿಗೆದಾರನದು. ಹೀಗಾಗಿ ಹಾಕಿಸಲು ಯಾರಿಗೂ ಆತುರವಿಲ್ಲ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರು ಉರಿದು ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಗಳು ಹೋದ ಸುದ್ದಿಯನ್ನು ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಬಣ್ಣವೂ ವಾಸನೆಯೂ ಇಲ್ಲದ ಆ ವಿಷಕ್ಕೆ ಬಲಿಯಾದವರಲ್ಲಿ ತಾರಸಿಯ ಹಕ್ಕಿಲ್ಲದವರು ಇದ್ದರೆ ಆಶ್ಚರ್ಯವಿಲ್ಲ. ಬಿಸಿನೀರಿನ ಪ್ರಶ್ನೆ ಬರಿಯ ಸೌಕರ್ಯದ ಪ್ರಶ್ನೆಯಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನೀರಿನ ಗುಣವೂ ಅಡ್ಡಿಯಾಗಿದೆ. ಕೊಳವೆ ಬಾವಿಯ ಗಡಸು ನೀರು ಕಾದಾಗ ಸುಣ್ಣದ ಪದರ ಕಟ್ಟಿ ತಾಮ್ರದ ನಾಳಗಳನ್ನು ಮುಚ್ಚುತ್ತದೆ. ಕಾಲಕಾಲಕ್ಕೆ ತೊಳೆಸದಿದ್ದರೆ ಸೋಲಾರ್ ಹೆಸರಿಗೆ ಮಾತ್ರ ಉಳಿದು, ಅದರೊಳಗೆ ಆಪತ್ಕಾಲಕ್ಕೆಂದು ಇಟ್ಟ ವಿದ್ಯುತ್ ಕಾಯಿಲ್ಲೇ ವರ್ಷವಿಡೀ ದುಡಿಯುತ್ತದೆ. ತಾರಸಿಯಿಂದ ಕೆಳಗಿನ ಬಚ್ಚಲಿಗೆ ಬಿಸಿನೀರು ಇಳಿಯುವ ಮೊದಲು ಕೊಳಾಯಿಯಲ್ಲಿ ನಿಂತ ತಣ್ಣೀರು ಒಂದು ಬಕೆಟ್ಟಿನಷ್ಟು ಬರುತ್ತದೆ. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ನಗರ ಬಾಯಾರಿದಾಗ, ಆ ಒಂದು ಬಕೆಟ್ಟಿನ ಬೆಲೆ ಏನೆಂಬುದು ಗೊತ್ತಾಯಿತು. ಜಾಣೆಯರು ಅದನ್ನು ಬಟ್ಟೆಗೆ, ಪಾತ್ರೆಗೆ ಹಿಡಿದಿಡುತ್ತಾರೆ.

2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಮನೆಬಳಕೆಯ ವಿದ್ಯುತ್ತನ್ನು ಉಚಿತವಾಗಿಸಿತು. ಬಡಮನೆಗೆ ಅದು ದೊಡ್ಡ ಆಸರೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಬಿಲ್ಲೇ ಇಲ್ಲದಿರುವಾಗ ಗೀಸರು ಬಿಟ್ಟು ಸೋಲಾರ್ ಏಕೆ ಎಂದು ಕೇಳುವ ಮನೆಗಳೂ ಉಂಟು. ಅಗ್ಗದ ಅನಿಲ ಸಿಕ್ಕಾಗ ಕ್ಯಾಲಿಫೋರ್ನಿಯ ಮಾಡಿದ್ದನ್ನು ನಾವು ಇಲ್ಲಿ ನೆನೆಯಬೇಕು. ಬಿಲ್ಲು ಸೊನ್ನೆಯಾದರೂ ರಾಯಚೂರಿನ ಕಲ್ಲಿದ್ದಲು ಸೊನ್ನೆಯಾಗುವುದಿಲ್ಲ. ಇನ್ನೊಂದು ಕಡೆ, 2024ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆ ತಾರಸಿಯಲ್ಲಿ ವಿದ್ಯುತ್ತನ್ನೇ ತಯಾರಿಸುವಂತೆ ಪ್ರೋತ್ಸಾಹಿಸುತ್ತಿದೆ. ಸಣ್ಣ ತಾರಸಿಯಲ್ಲಿ ನೀರಿನ ಫಲಕಕ್ಕೂ ವಿದ್ಯುತ್ತಿನ ಫಲಕಕ್ಕೂ ಈಗ ಜಾಗದ ಪೈಪೋಟಿ. ತಾರಸಿಯೇ ಸಾಲದ ಬಹುಮಹಡಿ ಕಟ್ಟಡಗಳಿಗೆ, ಗಾಳಿಯ ಶಾಖವನ್ನು ಹೀರಿ ನೀರಿಗೆ ತುಂಬುವ ಹೀಟ್ ಪಂಪು ಎಂಬ ಯಂತ್ರ ಬಂದಿದೆ; ಗೀಸರಿನ ಮೂರರಲ್ಲೊಂದು ಪಾಲಿನಷ್ಟು ವಿದ್ಯುತ್ತಿನಲ್ಲಿ ಅದು ಅದೇ ಕೆಲಸ ಮಾಡಬಲ್ಲದು.

ಹಂಡೆಗೆ ಮರಳಬೇಕೆಂದು ಯಾರೂ ಹೇಳಲಾರರು. ಹೊಗೆಯಲ್ಲಿ ಕಣ್ಣು ಕಳೆದುಕೊಂಡವರು ಅದನ್ನು ಒಪ್ಪುವುದೂ ಇಲ್ಲ. ಆದರೆ ಹಂಡೆಯ ಕಾಲದಲ್ಲಿ ನೀರು ಕಾಯಿಸಲು ಏನು ಖರ್ಚಾಯಿತು ಎಂಬುದು ಮನೆಯವರಿಗೆ ಕಣ್ಣಿಗೆ ಕಾಣುತ್ತಿತ್ತು. ಸೌದೆಯ ರಾಶಿ ಕರಗುವುದು ಎದುರಿಗೇ ಇತ್ತು. ಗೀಸರು ಆ ಖರ್ಚನ್ನು ಗೋಡೆಯ ಹಿಂದೆ ಅಡಗಿಸಿತು. ಪಶ್ಚಿಮ ಬೆಂಗಳೂರಿನ ಒಂದು ತಲೆಮಾರು, ಯಾವ ದೊಡ್ಡ ಚಳವಳಿಯೂ ಇಲ್ಲದೆ, ಸಾಲ ಮಾಡಿ, ಏಣಿ ಹತ್ತಿ, ಫಲಕ ತೊಳೆದು ಆ ಖರ್ಚನ್ನು ಬಿಸಿಲಿಗೆ ವಹಿಸಿಕೊಟ್ಟಿತು. ತಾರಸಿಯ ಕೊಳಾಯಿ ಬಾಡಿಗೆಯವರ ಬಚ್ಚಲಿಗೂ ಇಳಿಯುವಂತೆ ಮಾಡುವ ನಿಯಮ, ಒಪ್ಪಂದ, ಸಾಲ ಯಾವುದಾದರೂ ಒಂದು ರೂಪುಗೊಂಡರೆ ಈ ಕೆಲಸ ಪೂರ್ತಿಯಾಗುತ್ತದೆ. ಬಿಸಿಲಿಗೆ ಒಡೆಯನೂ ಇಲ್ಲ, ಬಾಡಿಗೆದಾರನೂ ಇಲ್ಲ. ಭೇದವಿರುವುದು ನಮ್ಮ ಕೊಳಾಯಿಗಳಲ್ಲಿ.